ಐದು ತಿಂಗಳ ಮಗು ಸಾಲಾಗಿ ಬೆಚ್ಚಿ ಬೀಳುತ್ತಿದ್ದರೆ ದಯವಿಟ್ಟು ಕಾಯಬೇಡಿ

ನಮ್ಮ ಮಗನಿಗೆ ಈಗ ನಾಲ್ಕು ವರ್ಷ. ಅವನು ಐದು ತಿಂಗಳ ಕೂಸಾಗಿದ್ದಾಗ ನಾವು ಒಂಬತ್ತು ವಾರ ಸುಮ್ನೆ ಕಳೆದುಬಿಟ್ಟೆವು. "ಬೆಚ್ಚಿ ಬೀಳ್ತಾನೆ, ಅಷ್ಟೇ" ಅಂತ ಎಲ್ಲರೂ ಹೇಳಿದರು. ನಾವೂ ನಂಬಿದೆವು. ಆದರೆ ಅವನಿಗೆ ಬರುತ್ತಿದ್ದದ್ದು ಫಿಟ್ಸ್. ಕೈಕಾಲು ಒದರಿ, ಬಾಯಲ್ಲಿ ನೊರೆ ಬಂದಿದ್ದರೆ ನಾವೇ ಓಡಿಹೋಗುತ್ತಿದ್ದೆವು. ಇದು ಹಾಗಿರಲಿಲ್ಲ. ಒಂದೊಂದು ಸಲ ಒಂದೆರಡು ಸೆಕೆಂಡು ಮಾತ್ರ. ನೋಡಿದವರಿಗೆ ಫಿಟ್ಸ್ ಅಂತ ಅನ್ನಿಸುವುದೇ ಇಲ್ಲ. ಮನೆಯಲ್ಲಿ ಒಂದು ವರ್ಷದೊಳಗಿನ ಮಗು ಇರುವವರು ಇದನ್ನು ಪೂರ್ತಿ ಓದಿ, ನಿಮ್ಮ ಅಮ್ಮಂದಿರಿಗೂ ಓದಿ ಹೇಳಿ.

ಹುಟ್ಟಿದಾಗ ಪುಟ್ಟ 2 ಕೆಜಿ 300 ಗ್ರಾಂ ಇದ್ದ. ಮೊದಲ ಎರಡು ದಿನ ನನಗೆ ಹಾಲು ಸರಿಯಾಗಿ ಇಳಿಯಲಿಲ್ಲ. ಅವನು ಜಾಸ್ತಿ ಅಳುತ್ತಲೂ ಇರಲಿಲ್ಲ, ಮಲಗಿಸಿದ ಕಡೆ ಮಲಗಿರುತ್ತಿದ್ದ. ನೋಡಲು ಬಂದವರೆಲ್ಲ "ಎಷ್ಟು ಸಾಧು ಮಗು" ಅಂತ ಹೊಗಳಿದರು. ಮೂರನೇ ದಿನ ಮೈ ತಣ್ಣಗಾಗಿ, ಎಬ್ಬಿಸಿದರೂ ಕಣ್ಣು ಬಿಡದೆ ಹೋದಾಗ ರಕ್ತ ಪರೀಕ್ಷೆ ಮಾಡಿದರು. ಸಕ್ಕರೆ ತೀರಾ ಕೆಳಗಿಳಿದಿತ್ತು. ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿಟ್ಟು ನಾಲ್ಕು ದಿನ ಗ್ಲೂಕೋಸ್ ಹಾಕಿದರು. ಆಮೇಲೆ ಚೆನ್ನಾಗಿ ಹಾಲು ಕುಡಿದ, ಮನೆಗೆ ಬಂದೆವು. ಆ ನಾಲ್ಕು ದಿನದ ವಿಷಯವನ್ನು ಮುಂದೆ ಯಾವ ಡಾಕ್ಟರಿಗೂ ನಾನು ಹೇಳಲಿಲ್ಲ. ಮುಗಿದುಹೋದ ಕಥೆ ಅಂದುಕೊಂಡಿದ್ದೆ.

ಮನೆಗೆ ಕಳಿಸುವ ದಿನ ಅಲ್ಲಿದ್ದ ಡಾಕ್ಟರಮ್ಮ ಒಂದು ಪರೀಕ್ಷೆ ಮಾಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗುವಿನ ತಲೆಯನ್ನು ಅಂಗೈಯಲ್ಲಿ ಹಿಡಿದು, ಎರಡು ಬೆರಳಿನಷ್ಟು ಕೆಳಗೆ ಜಾರಿಸಿದ ಹಾಗೆ ಮಾಡಿ ಹಿಡಿದುಕೊಂಡರು. ಪುಟ್ಟ ಎರಡೂ ಕೈ ಅಗಲಿಸಿ, ಬೆರಳು ಬಿಚ್ಚಿ, ಮತ್ತೆ ಯಾರನ್ನೋ ತಬ್ಬಿಕೊಳ್ಳುವವನ ಹಾಗೆ ಕೈ ಒಳಗೆ ತಂದು ಅತ್ತ. "ಇದು ಮೊರೋ ರಿಫ್ಲೆಕ್ಸ್. ಎರಡೂ ಕಡೆ ಒಂದೇ ಥರ ಬಂತು, ಚೆನ್ನಾಗಿದೆ" ಅಂದರು. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿದ್ದ ಎರ್ನ್ಸ್ಟ್ ಮೊರೋ ಎಂಬ ಮಕ್ಕಳ ವೈದ್ಯರು 1918ರಲ್ಲಿ ಇದರ ಬಗ್ಗೆ ಬರೆದಿದ್ದರಿಂದ ಅವರ ಹೆಸರೇ ಉಳಿದಿದೆಯಂತೆ.

ಹುಟ್ಟಿದ ಮಗುವಿಗೆ ಇಂಥವು ಹಲವು ಇರುತ್ತವೆ. ಅಂಗೈಗೆ ಬೆರಳಿಟ್ಟರೆ ಬಿಗಿಯಾಗಿ ಹಿಡಿಯುತ್ತೆ. ಕೆನ್ನೆ ಸವರಿದರೆ ಆ ಕಡೆ ಬಾಯಿ ತಿರುಗಿಸುತ್ತೆ. ನಿಲ್ಲಿಸಿದ ಹಾಗೆ ಹಿಡಿದರೆ ಹೆಜ್ಜೆ ಹಾಕುತ್ತೆ. ಇವೆಲ್ಲ ಮಗು ಬೇಕಂತ ಮಾಡುವುದಲ್ಲ, ಮೆದುಳಿನ ಬುಡ ಮತ್ತು ಬೆನ್ನುಹುರಿ ಮಾಡಿಸುವುದು. ಮೇಲಿನ ಮೆದುಳು ಬಲಿಯುತ್ತಾ ಬಂದ ಹಾಗೆ ಒಂದೊಂದೇ ಅಡಗುತ್ತವೆ. ಹೆಜ್ಜೆ ಹಾಕುವುದು ಎರಡು ತಿಂಗಳ ಹೊತ್ತಿಗೆ ಹೋಗುತ್ತೆ. ಬೆಚ್ಚುವುದು, ಅಂದರೆ ಆ ಮೊರೋ ರಿಫ್ಲೆಕ್ಸ್, ಮತ್ತು ಬೆರಳು ಹಿಡಿಯುವುದು ನಾಲ್ಕರಿಂದ ಆರು ತಿಂಗಳೊಳಗೆ ಹೋಗುತ್ತವೆ. ಅಂದರೆ ಐದು ತಿಂಗಳಿಗೆ ಬೆಚ್ಚುವುದು ಕಡಿಮೆಯಾಗುತ್ತಾ ಬರಬೇಕು. ನಮ್ಮ ಮನೆಯಲ್ಲಿ ಆ ತಿಂಗಳಲ್ಲೇ ಅದು ಹೊಸದಾಗಿ ಶುರುವಾಯಿತು. ಇಷ್ಟು ಲೆಕ್ಕ ಆಗ ಯಾರಿಗೂ ಹೊಳೆಯಲಿಲ್ಲ.

ಬಾಣಂತನಕ್ಕೆ ತವರುಮನೆಯಲ್ಲಿದ್ದೆ, ಹಾಸನ ಜಿಲ್ಲೆಯ ಒಂದು ಹಳ್ಳಿ. ಒಂದು ಬೆಳಿಗ್ಗೆ ಪುಟ್ಟ ತೊಟ್ಟಿಲಲ್ಲಿ ಕಣ್ಣು ಬಿಟ್ಟ. ಎದ್ದ ಕೂಡಲೇ ಅವನ ತಲೆ ಮುಂದಕ್ಕೆ ಬಾಗಿತು. ಎರಡೂ ಕೈ ಮೇಲೆದ್ದು ಅಗಲವಾದವು, ಮಂಡಿ ಹೊಟ್ಟೆಗೆ ಬಂತು. ಒಂದು ಕ್ಷಣ ಬಿಗಿ, ಆಮೇಲೆ ಸಡಿಲ. ಏಳೆಂಟು ಸೆಕೆಂಡು ಸುಮ್ಮನಿದ್ದ, ಮತ್ತೆ ಅದೇ. ಮತ್ತೆ ಅದೇ. ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ, ಯಾರೂ ತೊಟ್ಟಿಲು ಮುಟ್ಟಿರಲಿಲ್ಲ. ಹದಿನಾಲ್ಕು ಸಲ ಆಗಿ ನಿಂತಿತು. ನಿಂತ ಮೇಲೆ ಕೆಟ್ಟದಾಗಿ ಅತ್ತ. ಎತ್ತಿಕೊಂಡರೆ ನನ್ನ ಮುಖ ನೋಡಲಿಲ್ಲ, ಭುಜದಾಚೆ ಎಲ್ಲೋ ನೋಡುತ್ತಿದ್ದ.

"ಕೂಸು ಬೆಚ್ಚಿದೆ, ದೃಷ್ಟಿ ತೆಗೀರಿ" ಅಂದರು ಅಜ್ಜಿ. ಅಮ್ಮ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಬಜೆ ತೇಯ್ದು ನೆಕ್ಕಿಸಿದರು. ತೊಟ್ಟಿಲ ಕೆಳಗೆ ಕಬ್ಬಿಣದ ತುಂಡು ಇಟ್ಟರು. ತಾಯತ ಬಂತು. ಅವರನ್ನು ನಾನು ದೂರುವುದಿಲ್ಲ. ಅವರ ಕೈಯಲ್ಲಿ ಆಗುವುದನ್ನೆಲ್ಲ ಪ್ರೀತಿಯಿಂದ ಮಾಡಿದರು. ಆದರೆ ಪ್ರತಿ ಸಲ ದೃಷ್ಟಿ ತೆಗೆದಾಗಲೂ "ಇನ್ನು ಸರಿಹೋಗುತ್ತೆ" ಅಂತ ನಮಗೊಂದು ಸಮಾಧಾನ ಆಗುತ್ತಿತ್ತು. ಆ ಸಮಾಧಾನದಲ್ಲೇ ದಿನ ಕಳೆದವು.

ಹತ್ತು ದಿನ ಆದ ಮೇಲೆ ಪಟ್ಟಣಕ್ಕೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು.

"ಡಾಕ್ಟ್ರೇ, ನಿದ್ದೆಯಿಂದ ಎದ್ದಾಗ ಬೆಚ್ಚಿ ಬೀಳ್ತಾನೆ."

"ಮೊರೋ ರಿಫ್ಲೆಕ್ಸ್ ಕಣಮ್ಮ ಅದು. ಎಲ್ಲಾ ಮಕ್ಕಳಿಗೂ ಇರುತ್ತೆ, ತಾನಾಗೇ ಹೋಗುತ್ತೆ. ಮೊದಲನೇ ಮಗುನಾ? ಅದಕ್ಕೇ ಗಾಬರಿ ನಿಮಗೆ."

ಎಷ್ಟು ಸಲ ಬರುತ್ತೆ, ಸಾಲಾಗಿ ಬರುತ್ತಾ, ಹುಟ್ಟಿದಾಗ ಏನಾದರೂ ತೊಂದರೆ ಆಗಿತ್ತಾ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮೂರು ವಾರ ಬಿಟ್ಟು ಮತ್ತೆ ಹೋದಾಗ ಮಂಡಿ ಹೊಟ್ಟೆಗೆ ಬರುತ್ತೆ ಅಂದೆ. ಗ್ಯಾಸ್ ಇರಬೇಕು ಅಂತ ಹನಿ ಬರೆದುಕೊಟ್ಟರು. ಎರಡು ಸಲವೂ ಅವರ ಎದುರಿಗೆ ಅದು ಬರಲಿಲ್ಲ. ಹೊರಗೆ ಸಾಲು ದೊಡ್ಡದಿತ್ತು.

ಇದರ ಬಗ್ಗೆ ತುಂಬಾ ಯೋಚಿಸಿದ್ದೇನೆ. ನಾನು "ಬೆಚ್ಚಿ ಬೀಳ್ತಾನೆ" ಅನ್ನುವ ಪದ ಬಳಸಿದ್ದೇ ದೊಡ್ಡ ತಪ್ಪಾಯಿತು. ಆ ಒಂದು ಪದ ಕೇಳಿದ ಕೂಡಲೇ ಉತ್ತರ ಸಿದ್ಧವಾಗಿಬಿಟ್ಟಿತು. ಮನೆಯವರು ಇಟ್ಟ ಹೆಸರನ್ನೇ ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದರು, ಅಷ್ಟೇ. ತಲೆ ಬಾಗುತ್ತೆ, ಕೈ ಅಗಲವಾಗುತ್ತೆ, ಎಂಟು ಸೆಕೆಂಡಿಗೊಂದು, ಹದಿನಾಲ್ಕು ಸಲ ಅಂತ ಕಂಡದ್ದನ್ನು ಕಂಡ ಹಾಗೆ ಹೇಳಿದ್ದರೆ ಅವರು ಬೇರೆ ಥರ ಯೋಚಿಸುತ್ತಿದ್ದರೇನೋ.

ಅಷ್ಟರಲ್ಲಿ ಪುಟ್ಟ ಬದಲಾಗುತ್ತಿದ್ದ. ನಾಲ್ಕೂವರೆ ತಿಂಗಳಿಗೆ ಮಗುಚಿಕೊಳ್ಳುತ್ತಿದ್ದವನು ಅದನ್ನು ಬಿಟ್ಟ. ಗಿಲಕಿ ಆಡಿಸಿದರೆ ತಲೆ ತಿರುಗಿಸುತ್ತಿದ್ದವನು ತಿರುಗಿಸದಾದ. ನಗು ಯಾವತ್ತು ನಿಂತಿತು ಅಂತ ನನಗೆ ಗೊತ್ತೇ ಆಗಲಿಲ್ಲ. ಒಂದು ದಿನ ಫೋನಿನಲ್ಲಿ ಹಳೆಯ ಫೋಟೋ ನೋಡುತ್ತಿದ್ದಾಗ, ಇವನು ನಕ್ಕು ಎಷ್ಟು ದಿನವಾಯಿತು ಅಂತ ಎದೆ ಧಸಕ್ಕೆಂದಿತು.

ನಮ್ಮ ಅತ್ತಿಗೆ ಬೆಂಗಳೂರಿನಲ್ಲಿ ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಒಂದು ಸಂಜೆ ವಿಡಿಯೋ ಕಾಲ್‌ನಲ್ಲಿ ಪುಟ್ಟನನ್ನು ತೋರಿಸುತ್ತಿದ್ದೆ. ಆಗಷ್ಟೇ ಎದ್ದಿದ್ದ, ಶುರುವಾಯಿತು. ಅತ್ತಿಗೆ ಮಾತು ನಿಲ್ಲಿಸಿದರು.

"ಫೋನ್ ಹಾಗೇ ಹಿಡ್ಕೋ, ಅಲ್ಲಾಡಿಸಬೇಡ. ಇದು ದಿನಕ್ಕೆ ಎಷ್ಟು ಸಲ ಬರುತ್ತೆ?"

"ನಿದ್ದೆಯಿಂದ ಎದ್ದಾಗೆಲ್ಲ ಬರುತ್ತೆ ಅತ್ತಿಗೆ. ಬೆಚ್ಚೋದು ಅಂದ್ರು ಡಾಕ್ಟ್ರು."

"ಇದು ಬೆಚ್ಚೋದಲ್ಲ. ರಾತ್ರಿ ಟ್ರೈನಿಗೇ ಹೊರಡು. ನಾಳೆ ನಾಡಿದ್ದು ಅನ್ನಬೇಡ."

ಮರುದಿನ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಪರೀಕ್ಷೆ. ಪುಟ್ಟನ ತಲೆಗೂದಲು ಬೇರೆ ಬೇರೆ ಮಾಡಿ, ಜಿಗುಟು ಪೇಸ್ಟ್ ಹಚ್ಚಿ, ಒಂದೊಂದೇ ವೈರು ಅಂಟಿಸಿದರು. ಹಾಲು ಕುಡಿಸಿ ತೊಡೆಯ ಮೇಲೆ ನಿದ್ದೆ ಮಾಡಿಸಿದೆ. ಪರದೆಯಲ್ಲಿ ಗೆರೆಗಳು ಎತ್ತರ ತಗ್ಗಾಗಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಓಡುತ್ತಿದ್ದವು. ಇದಕ್ಕೆ ಹಿಪ್ಸಾರಿದ್ಮಿಯ ಅಂತಾರೆ. ರೋಗದ ಹೆಸರು ಇನ್‌ಫಂಟೈಲ್ ಸ್ಪಾಸಮ್ಸ್, ಇನ್ನೊಂದು ಹೆಸರು ವೆಸ್ಟ್ ಸಿಂಡ್ರೋಮ್. ಹೆಚ್ಚಾಗಿ ಮೂರರಿಂದ ಹನ್ನೆರಡು ತಿಂಗಳೊಳಗೆ ಶುರುವಾಗುತ್ತೆ. ಎಂಆರ್‌ಐನಲ್ಲಿ ಮೆದುಳಿನ ಹಿಂಭಾಗದಲ್ಲಿ ಹಳೆಯ ಪೆಟ್ಟು ಕಂಡಿತು. ಹುಟ್ಟಿದ ಮೊದಲ ದಿನಗಳಲ್ಲಿ ಸಕ್ಕರೆ ಇಳಿದಾಗ ಆದದ್ದು. ಆ ಭಾಗವೇ ಕಣ್ಣಿಂದ ಬಂದದ್ದನ್ನು ಅರ್ಥ ಮಾಡಿಕೊಳ್ಳುವ ಜಾಗ. ಅವನು ನನ್ನ ಮುಖ ನೋಡದೆ ಇದ್ದದ್ದಕ್ಕೆ ಅಲ್ಲಿ ಕಾರಣ ಸಿಕ್ಕಿತು. ನಮ್ಮ ದೇಶದಲ್ಲಿ ಈ ಫಿಟ್ಸ್‌ಗೆ ಹುಟ್ಟಿದಾಗ ಸಕ್ಕರೆ ಇಳಿಯುವುದು, ಹೆರಿಗೆ ಸಮಯದಲ್ಲಿ ಉಸಿರುಗಟ್ಟುವುದು ಎರಡೂ ದೊಡ್ಡ ಕಾರಣಗಳು ಅಂತ ನರರೋಗದ ಡಾಕ್ಟರ್ ಹೇಳಿದರು. ಎನ್‌ಐಸಿಯುನಲ್ಲಿದ್ದು ಬಂದ ಮಕ್ಕಳ ತಾಯಂದಿರು ಇದನ್ನು ಇನ್ನೊಮ್ಮೆ ಓದಿಕೊಳ್ಳಿ.

ವೆಸ್ಟ್ ಅನ್ನುವ ಹೆಸರಿನ ಹಿಂದಿನ ಕಥೆ ಗೊತ್ತಾದ ದಿನ ನಾನು ಅತ್ತುಬಿಟ್ಟೆ. ವಿಲಿಯಂ ಜೇಮ್ಸ್ ವೆಸ್ಟ್ ಇಂಗ್ಲೆಂಡಿನ ಟನ್‌ಬ್ರಿಜ್‌ನಲ್ಲಿದ್ದ ವೈದ್ಯರು. 1841ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಗೆ ತಮ್ಮ ಸ್ವಂತ ಮಗನ ಬಗ್ಗೆ ಪತ್ರ ಬರೆದರು. ನಾಲ್ಕು ತಿಂಗಳಿಗೆ ಮಗು ತಲೆ ಬಾಗಿಸಲು ಶುರು ಮಾಡಿತಂತೆ, ಅವರೂ ಮೊದಲು ಅಷ್ಟು ಗಮನ ಕೊಡಲಿಲ್ಲವಂತೆ. ಡಾಕ್ಟರ್ ಆಗಿದ್ದ ತಂದೆಗೇ ಹಾಗಾಗಿತ್ತು. ಸಲಾಂ ಹೊಡೆದ ಹಾಗೆ ಬಾಗುವುದರಿಂದ ಇದಕ್ಕೆ ಸಲಾಂ ಫಿಟ್ಸ್ ಅಂತಲೂ ಹೆಸರಿದೆ. ಆ ತಂದೆಗೆ ಆಗ ಯಾವ ಔಷಧಿಯೂ ಇರಲಿಲ್ಲ. ನಮಗೆ ಇವೆ. ಎಸಿಟಿಎಚ್ ಇಂಜೆಕ್ಷನ್ ಇದೆ, ಬಾಯಿಗೆ ಹಾಕುವ ಪ್ರೆಡ್ನಿಸೊಲೋನ್ ಇದೆ, ವಿಗಾಬಾಟ್ರಿನ್ ಇದೆ. ಯಾವುದು, ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಪುಟ್ಟನಿಗೆ ಪ್ರೆಡ್ನಿಸೊಲೋನ್ ಕೊಟ್ಟರು. ಮುಖ ಊದಿಕೊಂಡಿತು, ರಾತ್ರಿಯಿಡೀ ರಚ್ಚೆ, ಎಷ್ಟು ಕುಡಿದರೂ ಹಸಿವು. ಬಿಪಿ ನೋಡಿಸುತ್ತಿರಬೇಕು, ಸೋಂಕು ತಗಲದ ಹಾಗೆ ನೋಡಿಕೊಳ್ಳಬೇಕು. ಒಂಬತ್ತನೇ ದಿನ ಬೆಳಿಗ್ಗೆ ಎದ್ದ, ನಾನು ಉಸಿರು ಬಿಗಿಹಿಡಿದು ಕಾದೆ. ಏನೂ ಬರಲಿಲ್ಲ.

ಫಿಟ್ಸ್ ನಿಂತಿತು. ಬೆಳವಣಿಗೆ ಹಿಂದೆ ಬಿದ್ದದ್ದು ಹಾಗೇ ಉಳಿಯಿತು. ಒಂದೂವರೆ ವರ್ಷಕ್ಕೆ ಕೂತ, ಮೂರು ವರ್ಷಕ್ಕೆ ನಡೆದ. ಮಾತು ಇನ್ನೂ ಐದಾರು ಪದ. ಒಂಬತ್ತು ವಾರ ಮೊದಲೇ ಬಂದಿದ್ದರೆ ಎಲ್ಲ ಸರಿಯಿರುತ್ತಿತ್ತಾ ಅಂತ ನರರೋಗದ ಡಾಕ್ಟರನ್ನು ಕೇಳಿದೆ. "ಮೆದುಳಿಗೆ ಆದ ಪೆಟ್ಟು ಇದ್ದೇ ಇತ್ತು, ಎಲ್ಲವೂ ಅಂತ ಹೇಳೋಕಾಗಲ್ಲ. ಆದರೆ ತಡ ಆದಷ್ಟೂ ನಷ್ಟ ಜಾಸ್ತಿ" ಅಂದರು. ಆ ಮಾತನ್ನು ನಾನು ದಿನಾ ನೆನೆಯುತ್ತೇನೆ.

ಇನ್ನೊಂದು ವಿಷಯಕ್ಕೂ ಹುಷಾರಾಗಿರಿ. ಅವನಿಗೆ ಎರಡೂವರೆ ವರ್ಷವಾದಾಗ ಒಂದು ಥೆರಪಿ ಸೆಂಟರಿನವರು "ನಿಮ್ಮ ಮಗುವಿಗೆ ಹುಟ್ಟಿದಾಗಿನ ರಿಫ್ಲೆಕ್ಸ್ ಹೋಗಿಲ್ಲ, ಅದಕ್ಕೇ ಮಾತು ನಡಿಗೆ ಎರಡೂ ತಡ. ರಿಫ್ಲೆಕ್ಸ್ ಹೋಗಿಸಿದರೆ ಎಲ್ಲಾ ಬರುತ್ತೆ" ಅಂತ ಪ್ಯಾಕೇಜ್ ಹೇಳಿದರು. ಬ್ರಷ್‌ನಿಂದ ಮೈ ಉಜ್ಜುವುದು, ಕೈಕಾಲು ಒಂದು ಕ್ರಮದಲ್ಲಿ ಆಡಿಸುವುದು. ಮೂರು ತಿಂಗಳ ದುಡ್ಡು ಮುಂಗಡವಾಗಿ ಕೊಟ್ಟೆವು. ಆಮೇಲೆ ಫಿಟ್ಸ್ ಔಷಧಿಯನ್ನೂ ನಿಧಾನಕ್ಕೆ ಬಿಡಿಸಬಹುದು ಅಂದಾಗ ನಾನು ಎದ್ದು ಬಂದೆ. ಡಾಕ್ಟರ್ ಹೇಳದೆ ಫಿಟ್ಸ್ ಔಷಧಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ರಿಫ್ಲೆಕ್ಸ್ ಹೋಗದೆ ಉಳಿಯುವುದು ನಿಜವಾಗಿಯೂ ಇದೆ, ಸೆರೆಬ್ರಲ್ ಪಾಲ್ಸಿ (ಮೆದುಳಿನ ಪೆಟ್ಟಿನಿಂದ ಕೈಕಾಲಿನ ಚಲನೆಗೆ ತೊಂದರೆ) ಇರುವ ಮಕ್ಕಳಲ್ಲಿ ಕಾಣುತ್ತೆ. ಆದರೆ ಅದು ಮೆದುಳಿನಲ್ಲಿ ತೊಂದರೆ ಇದೆ ಅಂತ ತೋರಿಸುವ ಗುರುತು. ಗುರುತನ್ನು ಉಜ್ಜಿದರೆ ತೊಂದರೆ ಹೋಗುತ್ತೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಈಗ ಪುಟ್ಟ ಮಾಮೂಲಿ ಫಿಸಿಯೋಥೆರಪಿಗೆ ಮತ್ತು ಮಾತಿನ ತರಬೇತಿಗೆ ಹೋಗುತ್ತಾನೆ. ನಿಧಾನ, ಆದರೆ ಮುಂದೆ ಹೋಗುತ್ತಿದ್ದಾನೆ.

ನಿಮ್ಮ ಮಗುವಿನಲ್ಲಿ ಹೀಗೇನಾದರೂ ಕಂಡರೆ ಮೊದಲು ಫೋನ್ ತೆಗೆದು ವಿಡಿಯೋ ಮಾಡಿ. ಬಟ್ಟೆ ಸರಿಸಿ ಪೂರ್ತಿ ಮೈ ಕಾಣಬೇಕು, ಕನಿಷ್ಠ ನಾಲ್ಕೈದು ಸಲ ಬರುವವರೆಗೆ ನಿಲ್ಲಿಸಬೇಡಿ. ಸದ್ದಿಲ್ಲದೆ ಬರುತ್ತಾ, ಎದ್ದ ಕೂಡಲೇ ಬರುತ್ತಾ, ಸಾಲಾಗಿ ಬರುತ್ತಾ, ನಗು ಅಥವಾ ಮಗುಚುವುದು ಕಡಿಮೆಯಾಗಿದೆಯಾ ನೋಡಿ. ಹೌದು ಅಂದರೆ ಅವತ್ತೇ ಹೊರಡಿ, "ಇಇಜಿ ಬೇಕಾ ಡಾಕ್ಟ್ರೇ" ಅಂತ ಬಾಯಿಬಿಟ್ಟು ಕೇಳಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಬೆಳವಣಿಗೆ ತಡವಾಗಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ನೋಡುವ ಕೇಂದ್ರ, ಎಲ್ಲಿದೆ ಅಂತ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ.

ಹೋದ ತಿಂಗಳು ಪಕ್ಕದ ಮನೆಯ ಹುಡುಗಿ ಬಾಣಂತನಕ್ಕೆ ಬಂದಳು. ಮಗುವಿಗೆ ಎರಡು ತಿಂಗಳು. "ಅಕ್ಕಾ, ಇವಳು ಬೆಚ್ಚಿ ಬೀಳ್ತಾಳೆ, ನಿಮಗೆ ಗೊತ್ತಲ್ವಾ, ಬಂದು ನೋಡಿ" ಅಂತ ಹೆದರಿ ಕರೆದಳು. ಒಂದು ಗಂಟೆ ತೊಟ್ಟಿಲ ಪಕ್ಕ ಕೂತೆ. ಮಗು ನಿದ್ದೆಯಿಂದ ಎದ್ದಳು, ಸುಮ್ಮನೆ ಸೂರು ನೋಡುತ್ತಾ ಕೈ ಚೀಪಿದಳು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಎರಡೂ ಕೈ ಅಗಲಿಸಿ, ತಬ್ಬಿಕೊಂಡ ಹಾಗೆ ಒಳಗೆ ತಂದು, ಒಂದೇ ಒಂದು ಸಲ ಬೆಚ್ಚಿ, ಅಮ್ಮನ ಮುಖ ಹುಡುಕಿ ಅತ್ತಳು. ಎತ್ತಿಕೊಂಡ ಕೂಡಲೇ ಸುಮ್ಮನಾದಳು.