ಇಸ್ಲಾ ಇಸಾಬೆಲ್: ಹಾಯಿದೋಣಿಯೋ, ಪಾಂಗಾ ಮತ್ತು ಟೆಂಟೋ?

ಮೆಕ್ಸಿಕೋದ ಪೆಸಿಫಿಕ್ ಕಡೆಯ ಕರಾವಳಿಯಲ್ಲಿ ನಾಯರಿತ್ ಅನ್ನುವ ರಾಜ್ಯ ಇದೆ. ಅಲ್ಲಿನ ಸಾನ್ ಬ್ಲಾಸ್ ಊರಿನಿಂದ ಸುಮಾರು 70 ಕಿಲೋಮೀಟರ್ ಸಮುದ್ರದಲ್ಲಿ ಹೋದರೆ ಇಸ್ಲಾ ಇಸಾಬೆಲ್ ಸಿಗುತ್ತದೆ. ಎರಡು ಚದರ ಕಿಲೋಮೀಟರ್ ಕೂಡ ಇಲ್ಲದ ಪುಟ್ಟ ದ್ವೀಪ. ಜ್ವಾಲಾಮುಖಿಯಿಂದ ಹುಟ್ಟಿದ ನೆಲ. ನಡುವೆ ಬೆಂಕಿ ಉಗುಳಿದ ಕುಳಿಯಲ್ಲಿ ಈಗ ದುಂಡನೆಯ ಕೆರೆ, ಅದರ ನೀರು ಸಮುದ್ರಕ್ಕಿಂತ ಉಪ್ಪು. ದಕ್ಷಿಣದ ಕೊಲ್ಲಿಯಲ್ಲಿ ಮೀನುಗಾರರ ಬಿಡಾರ ಇದೆ. ಅದು ಬಿಟ್ಟರೆ ಊರಿಲ್ಲ, ಅಂಗಡಿಯಿಲ್ಲ, ಕುಡಿಯುವ ನೀರೂ ಇಲ್ಲ. ಉಳಿದ ಜಾಗವೆಲ್ಲ ಹಕ್ಕಿಗಳದ್ದು. 1980ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. 2005ರಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿಯ ದ್ವೀಪಗಳ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿತು.

ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ, ಎರಡೂ ಸಲ ಫೋಟೋಕ್ಕಾಗಿಯೇ. ಮೊದಲನೆಯದು ಜನವರಿಯಲ್ಲಿ, ಗೆಳೆಯನ ಹಾಯಿದೋಣಿಯಲ್ಲಿ, ಉತ್ತರದ ಮಸಾತ್ಲಾನ್ ಬಂದರಿನಿಂದ. ಎರಡನೆಯದು ಮಾರ್ಚ್ ಕೊನೆಯಲ್ಲಿ, ಸಾನ್ ಬ್ಲಾಸ್‌ನಿಂದ ಪಾಂಗಾದಲ್ಲಿ, ಟೆಂಟ್ ಹೊತ್ತುಕೊಂಡು. ಪಾಂಗಾ ಅಂದರೆ ಅಲ್ಲಿನ ಮೀನುಗಾರರ ಫೈಬರ್ ದೋಣಿ. ಮೇಲೆ ಚಾವಣಿ ಇಲ್ಲ, ಹಿಂದೆ ಒಂದು ಮೋಟಾರ್, ಅಷ್ಟೆ. ಫೋಟೋ ತೆಗೆಯೋಕೆ ಹೋಗುವವರು ಯಾವುದನ್ನು ಆರಿಸಬೇಕು ಅಂತ ಕೇಳಿದರೆ ನಾನು ಯೋಚನೆ ಮಾಡದೆ ಪಾಂಗಾ ಅನ್ನುತ್ತೇನೆ. ಆದರೆ ಹಾಯಿದೋಣಿಯಲ್ಲಿ ನನಗೆ ಸಿಕ್ಕಿದ ಕೆಲವು ಚಿತ್ರಗಳು ಪಾಂಗಾದಲ್ಲಿ ಖಂಡಿತ ಸಿಗುತ್ತಿರಲಿಲ್ಲ. ಮೊದಲು ಅದನ್ನೇ ಹೇಳುತ್ತೇನೆ.

ಮಸಾತ್ಲಾನ್‌ನಿಂದ ದ್ವೀಪಕ್ಕೆ ಸುಮಾರು 160 ಕಿಲೋಮೀಟರ್. ಮಧ್ಯಾಹ್ನ ಹೊರಟು ರಾತ್ರಿಯೆಲ್ಲ ಸರದಿಯಲ್ಲಿ ಕಾವಲು ಕೂತು ಬೆಳಿಗ್ಗೆ ತಲುಪಿದೆವು. ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ, ಹಾಗಾಗಿ ಹಿಂದಿನಿಂದ ತಳ್ಳಿಕೊಂಡೇ ಹೋಯಿತು. ಜನವರಿಯಲ್ಲಿ ಆ ಕಡಲಿಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಬಂದಿರುತ್ತವೆ. ದ್ವೀಪ ಇನ್ನೂ ಬೂದು ಬಣ್ಣದ ಉಬ್ಬಿನ ಹಾಗೆ ಕಾಣುತ್ತಿದ್ದಾಗ, ನಮ್ಮ ಎಡಕ್ಕೆ ಒಂದು ತಾಯಿ, ಒಂದು ಮರಿ ಜೊತೆಯಾಗಿ ಉಸಿರು ಬಿಟ್ಟವು. ಆ ಚಿತ್ರ ಈಗಲೂ ನನ್ನ ಗೋಡೆಯ ಮೇಲಿದೆ.

ಲಂಗರು ಹಾಕಿದ್ದು ದ್ವೀಪದ ಪೂರ್ವಕ್ಕೆ, ಲಾಸ್ ಮೊನಾಸ್ ಅನ್ನುವ ಬಂಡೆಗಳ ಹತ್ತಿರ. ನೀರಿನಿಂದ ನೆಟ್ಟಗೆ ಎದ್ದು ನಿಂತ ಬಂಡೆಗಳು ಅವು. ಹಕ್ಕಿಗಳ ಹಿಕ್ಕೆಯಿಂದ ತಲೆಯೆಲ್ಲ ಬೆಳ್ಳಗಾಗಿದೆ. ಬೆಳಗಿನ ಸೂರ್ಯ ಅವುಗಳ ಹಿಂದಿನಿಂದಲೇ ಬರುತ್ತಾನೆ. ದೋಣಿಯ ಮೇಲೆ ಕಾಫಿ ಹಿಡಿದುಕೊಂಡು ನಿಂತಲ್ಲೇ ಆ ಬೆಳಕು ಸಿಕ್ಕಿತು. ಬ್ಯಾಟರಿ ಚಾರ್ಜ್ ಮಾಡೋಕೆ ಕರೆಂಟು, ಲೆನ್ಸ್ ಒರೆಸೋಕೆ ಒಣಗಿದ ಜಾಗ, ಮೈ ತೊಳೆಯೋಕೆ ಸಿಹಿನೀರು, ಎಲ್ಲ ಇತ್ತು.

ತೊಂದರೆ ಶುರುವಾಗಿದ್ದು ಲಂಗರಿನಿಂದ. ಅಲ್ಲಿ ಸಮುದ್ರದ ತಳ ಪೂರ್ತಿ ಬಂಡೆ, ನಡುನಡುವೆ ಮರಳಿನ ತೇಪೆ. ನಮ್ಮ ಲಂಗರು ಬಂಡೆಗಳ ಸಂದಿಗೆ ಸಿಕ್ಕಿಕೊಂಡಿತು. ಗಾಳಿ ತಿರುಗಿದರೆ ರಾತ್ರೋರಾತ್ರಿ ಜಾಗ ಬಿಡಬೇಕಾಗಬಹುದು ಅನ್ನುವ ಭಯಕ್ಕೆ ಯಾರಾದರೂ ಒಬ್ಬರು ಯಾವಾಗಲೂ ದೋಣಿಯಲ್ಲೇ ಇರಬೇಕಾಯಿತು. ನಾವು ಇದ್ದದ್ದು ಇಬ್ಬರೇ. ಒಬ್ಬ ದಡಕ್ಕೆ ಹೋದರೆ ಇನ್ನೊಬ್ಬ ಕಾಯಬೇಕು. ಕತ್ತಲಲ್ಲಿ ರಬ್ಬರ್ ದೋಣಿಯನ್ನು ಕಲ್ಲುಗಳ ನಡುವೆ ದಡಕ್ಕೆ ತರುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹಾಗಾಗಿ ನಾನು ನೆಲಕ್ಕೆ ಕಾಲಿಡುವಾಗ ಬೆಳಿಗ್ಗೆ ಒಂಬತ್ತೂವರೆ ಆಗಿರುತ್ತಿತ್ತು, ಸಂಜೆ ಐದಕ್ಕೆ ಮೊದಲೇ ವಾಪಸು. ಕಪ್ಪು ಕಲ್ಲು, ಬಿಳಿ ಹಿಕ್ಕೆ, ನೆತ್ತಿಯ ಮೇಲೆ ಬಿಸಿಲು. ಅಂಥ ಹೊತ್ತಲ್ಲಿ ಎಷ್ಟು ಒಳ್ಳೆ ಕ್ಯಾಮೆರಾ ಇದ್ದರೂ ಏನು ಮಾಡೋಕಾಗುತ್ತೆ? ಮೂರು ರಾತ್ರಿ ಅಂದುಕೊಂಡು ಹೋದವರು ಎರಡೇ ರಾತ್ರಿಗೆ ಹೊರಟೆವು. ಲಂಗರು ಬಿಡಿಸಿಕೊಟ್ಟಿದ್ದು ಬಿಡಾರದ ಒಬ್ಬ ಯುವಕ. ಉಸಿರು ಕಟ್ಟಿ ನಾಲ್ಕು ಸಲ ಮುಳುಗಿದ. ದುಡ್ಡು ಕೊಡಲು ಹೋದರೆ ಬೇಡ ಅಂದ. ನನಗೆ ಆ ಬಿಡಾರಕ್ಕೆ ಮತ್ತೆ ಹೋಗಬೇಕು ಅನ್ನಿಸಿದ್ದು ಅವತ್ತೇ.

ಈಗ ಪಾಂಗಾ. ರಾತ್ರಿ ಉಳಿಯಲು ಉದ್ಯಾನವನ್ನು ನೋಡಿಕೊಳ್ಳುವ ಸಂರಕ್ಷಿತ ಪ್ರದೇಶಗಳ ಆಯೋಗದ ಅನುಮತಿ ಬೇಕು. ಅಲ್ಲಿನವರು ಅದನ್ನು ಕೊನಾನ್ಪ್ ಅನ್ನುತ್ತಾರೆ. ಹೊರಡುವ ಮೊದಲೇ ಇದನ್ನು ಮುಗಿಸಿಕೊಳ್ಳಿ. ಸಾನ್ ಬ್ಲಾಸ್‌ನಲ್ಲಿ ಹಿಂದಿನ ರಾತ್ರಿ ಉಳಿಯುವಾಗ ಕೈಕಾಲು ಮುಚ್ಚುವ ಬಟ್ಟೆ ಇರಲಿ. ಹೆಹೆನ್ ಅನ್ನುವ ಸಣ್ಣ ನೊಣಗಳು ಆ ಊರಿನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಕಚ್ಚಿ ಉರಿ ಹಚ್ಚುತ್ತವೆ.

ಸಮುದ್ರ ಶಾಂತ ಇರುವಾಗಲೇ ಹೋಗೋಣ ಅಂತ ಬೆಳಕು ಹರಿಯುವ ಮೊದಲೇ ಹೊರಟೆವು. ಎರಡೂವರೆ ಗಂಟೆ. ದೋಣಿ ಅಲೆಯಿಂದ ಅಲೆಗೆ ಬಡಿಯುತ್ತಾ ಹೋಗುತ್ತದೆ, ಬೆನ್ನು ನೋಯುತ್ತದೆ, ಉಪ್ಪುನೀರು ಮುಖಕ್ಕೆ ಎರಚುತ್ತದೆ. ಕ್ಯಾಮೆರಾ ನೀರು ಹೋಗದ ಚೀಲದಲ್ಲಿತ್ತು, ಚೀಲ ನನ್ನ ತೊಡೆಯ ಮೇಲಿತ್ತು. ದೋಣಿಯ ತಳಕ್ಕೆ ಇಟ್ಟಿದ್ದರೆ ಆ ಹೊಡೆತಕ್ಕೆ ಲೆನ್ಸ್ ಉಳಿಯುತ್ತಿರಲಿಲ್ಲ. ದಾರಿಯಲ್ಲಿ ಒಂದು ಫೋಟೋವೂ ಆಗಲಿಲ್ಲ. ಪ್ರಯಾಣವೊಂದನ್ನೇ ನೋಡಿದರೆ ಹಾಯಿದೋಣಿಯೇ ಮೇಲು.

ಆದರೆ ಇಳಿದ ಮೇಲೆ ಎಲ್ಲ ಬದಲಾಯಿತು. ಟೆಂಟ್ ಹಾಕುವ ಜಾಗ ತೋರಿಸಿದರು, ಬಿಡಾರದಿಂದ ಸ್ವಲ್ಪವೇ ದೂರ. ಎಲ್ಲೆಂದರಲ್ಲಿ ಹಾಕುವ ಹಾಗಿಲ್ಲ, ಯಾಕೆಂದರೆ ನೀಲಿಪಾದದ ಬೂಬಿ ಅನ್ನುವ ಕಡಲಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಮೊಟ್ಟೆಗೆ ಕಾವು ಕೊಡುವುದೂ ಆ ನೀಲಿ ಪಾದಗಳಿಂದಲೇ. ನಾವು ಜಾಸ್ತಿ ಹತ್ತಿರ ಹೋಗಿ ಅದು ಎದ್ದು ನಿಂತರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಗಲ್ ಹಕ್ಕಿಗಳು ಅದನ್ನೇ ಕಾಯುತ್ತಿರುತ್ತವೆ. ದಯವಿಟ್ಟು ಇದನ್ನು ನೆನಪಿಡಿ. ಹಕ್ಕಿ ಓಡಿಹೋಗುತ್ತಿಲ್ಲ ಅಂದ ಮಾತ್ರಕ್ಕೆ ಅದಕ್ಕೆ ತೊಂದರೆ ಆಗುತ್ತಿಲ್ಲ ಅಂತ ತಿಳಿಯಬಾರದು.

ರಾತ್ರಿ ಮಲಗಿದರೆ ಟೆಂಟಿನ ಸುತ್ತ ಬೂಬಿಗಳ ಸದ್ದು. ಗಂಡು ಸಿಳ್ಳೆ ಹೊಡೆಯುತ್ತದೆ, ಹೆಣ್ಣು ಒರಟು ದನಿಯಲ್ಲಿ ಗೊರಗುಟ್ಟುತ್ತದೆ. ಎರಡನೇ ದಿನದ ಹೊತ್ತಿಗೆ ಕಣ್ಣು ಮುಚ್ಚಿಕೊಂಡೇ ಯಾವುದು ಗಂಡು, ಯಾವುದು ಹೆಣ್ಣು ಅಂತ ಹೇಳುವಷ್ಟು ಅಭ್ಯಾಸವಾಯಿತು. ಬೆಳಿಗ್ಗೆ ಐದೂವರೆಗೆ ಟೆಂಟಿನ ಜಿಪ್ ತೆಗೆದರೆ ಸಾಕು, ಕೆಲಸ ಶುರು. ಮೊದಲ ಸಲ ದೋಣಿಯಿಂದ ದೂರ ನೋಡಿದ್ದ ಅದೇ ಬೆಳಕು ಈಗ ನನ್ನ ಕಾಲ ಬುಡದಲ್ಲಿತ್ತು. ಕುಳಿಯ ಕೆರೆಯ ಅಂಚಿಗೆ ಮಬ್ಬಿನಲ್ಲೇ ನಡೆದು ಹೋದೆ. ಸಂಜೆ ದೀಪಸ್ತಂಭದ ಗುಡ್ಡ ಹತ್ತಿದೆ, ಕಂದು ಬೂಬಿಗಳು ಆ ಕಡಿದಾದ ಅಂಚುಗಳಲ್ಲಿ ಇರುತ್ತವೆ. ಕತ್ತಲಾದ ಮೇಲೆ ಟಾರ್ಚ್ ತಗ್ಗಿಸಿ ಹಿಡಿದು ಇಳಿದೆ. ಹಾಯಿದೋಣಿಯ ಸಲ ಇವೆರಡನ್ನೂ ಮಟಮಟ ಮಧ್ಯಾಹ್ನ ನೋಡಿದ್ದೆ.

ಬಿಡಾರದ ಚಿತ್ರಗಳಲ್ಲಂತೂ ಹೋಲಿಕೆಯೇ ಇಲ್ಲ. ಮೊದಲ ಸಲ ಹತ್ತು ಗಂಟೆಗೆ ಹೋದಾಗ ಕೆಲಸ ಮುಗಿದು ಎಲ್ಲರೂ ನೆರಳಲ್ಲಿ ಬಲೆ ಸರಿಮಾಡುತ್ತಿದ್ದರು. ನಾನು ಇಳಿದ ಕೂಡಲೇ ಕ್ಯಾಮೆರಾ ಎತ್ತಿದೆ. ಅವರು ಮುಖ ತಿರುಗಿಸಿದರು. ತಪ್ಪು ನನ್ನದೇ. ಎರಡನೇ ಸಲ ಮೊದಲ ದಿನ ಕ್ಯಾಮೆರಾವನ್ನು ಚೀಲದಿಂದ ತೆಗೆಯಲೇ ಇಲ್ಲ. ದೋಣಿ ಮರಳಿಗೆ ಎಳೆಯುವಾಗ ಕೈ ಜೋಡಿಸಿದೆ, ಸುಮ್ನೆ ಕೂತು ನೋಡಿದೆ. ಮರುದಿನ ಬೆಳಿಗ್ಗೆ ಹಿರಿಯರೊಬ್ಬರು ತಾವೇ ಕೈಸನ್ನೆ ಮಾಡಿ ಕರೆದು, ಕ್ಯಾಮೆರಾ ಎಲ್ಲಿ ಅಂತ ಕೇಳಿದರು.

ಆಮೇಲಿನ ಮುಕ್ಕಾಲು ಗಂಟೆ ಹೇಗಿತ್ತು ಅಂದರೆ: ರಾತ್ರಿ ಬಲೆ ಬಿಟ್ಟ ಪಾಂಗಾಗಳು ಒಂದೊಂದಾಗಿ ಬರುತ್ತವೆ. ಕೆಂಪು ಸ್ನ್ಯಾಪರ್ ಮೀನು ಐಸ್ ಪೆಟ್ಟಿಗೆಗೆ ಹೋಗುತ್ತದೆ. ಹಲಗೆಯ ಮೇಲೆ ಮೀನು ಕೊಯ್ಯುವ ಕೈಗಳು, ಪಕ್ಕದಲ್ಲಿ ಕಾಯುತ್ತ ನಿಂತ ಪೆಲಿಕನ್‌ಗಳು. ಕರುಳನ್ನು ನೀರಿಗೆ ಎಸೆದ ಕ್ಷಣ ತಲೆಯ ಮೇಲೆ ಫ್ರಿಗೇಟ್ ಹಕ್ಕಿಗಳು ಮುಗಿಬೀಳುತ್ತವೆ. ಇವು ಕಡಲಹಕ್ಕಿಗಳೇ ಆದರೂ ಇವುಗಳ ರೆಕ್ಕೆ ನೀರು ತಡೆಯುವುದಿಲ್ಲ, ಹಾಗಾಗಿ ನೀರಿನ ಮೇಲೆ ಕೂರುವುದಿಲ್ಲ. ಎರಡು ಮೀಟರಿಗಿಂತ ಅಗಲದ ರೆಕ್ಕೆ ಚಾಚಿ, ಕೊಕ್ಕಿನ ತುದಿ ಮಾತ್ರ ನೀರಿಗೆ ತಾಗಿಸಿ ಎತ್ತಿಕೊಂಡು ಹೋಗುತ್ತವೆ. ಮನುಷ್ಯರ ಕೈ, ಮೀನು, ಹಕ್ಕಿ, ಹಿಂದೆ ಕಪ್ಪು ಬಸಾಲ್ಟ್ ಬಂಡೆ, ಎಲ್ಲ ಒಂದೇ ಚೌಕಟ್ಟಿನಲ್ಲಿ. ನಾನು ಈ ದ್ವೀಪಕ್ಕೆ ಬಂದದ್ದೇ ಇದಕ್ಕಾಗಿ ಅಂತ ಅನ್ನಿಸಿತು. ನೆಲದ ಮೇಲೆ ಮಲಗಿ ಏಳದೆ ಇದು ಸಿಗುವುದಿಲ್ಲ.

ಲೆನ್ಸ್ ಬಗ್ಗೆಯೂ ಎರಡು ಪ್ರಯೋಗ ಆಗಿವೆ. ಮೊದಲ ಸಲ ದೂರದ್ದನ್ನು ಹತ್ತಿರ ತೋರಿಸುವ 500 ಎಂಎಂ ಲೆನ್ಸ್ ಹೊತ್ತೊಯ್ದಿದ್ದೆ. ದೋಣಿಯ ಓಲಾಟಕ್ಕೆ ಶಟರ್ ವೇಗವನ್ನು 1/2000 ಸೆಕೆಂಡಿಗಿಂತ ನಿಧಾನ ಮಾಡಿದರೆ ಎಲ್ಲ ಮಸುಕು. ದಡದಲ್ಲಿ ಹಕ್ಕಿಗಳು ಎಷ್ಟು ಹತ್ತಿರ ಅಂದರೆ ಇಡೀ ಹಕ್ಕಿ ಚೌಕಟ್ಟಿಗೆ ಹಿಡಿಸುತ್ತಿರಲಿಲ್ಲ. ಎರಡನೇ ಸಲ 70–200 ಮತ್ತು 35 ಎಂಎಂ ಮಾತ್ರ. ಹಾರುವ ಫ್ರಿಗೇಟ್‌ಗೆ 100–400 ಇದ್ದಿದ್ದರೆ ಅಂತ ಒಂದೆರಡು ಸಲ ಅನ್ನಿಸಿತು, ಅಷ್ಟೆ. ಗಂಡು ಫ್ರಿಗೇಟ್ ಕೊರಳಿನ ಕೆಂಪು ಚೀಲ ಊದಿಸಿಕೊಂಡಾಗ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಕ್ಯಾಮೆರಾದೊಳಗೆ ಬರುವ ಬೆಳಕನ್ನು ಅರ್ಧ ಮಾಡಿ, ಇಲ್ಲವಾದರೆ ಕೆಂಪು ಬರೀ ಬಣ್ಣದ ಮುದ್ದೆಯಾಗುತ್ತದೆ. ಅದೇ ಕರಿ ಹಕ್ಕಿ ಆಕಾಶದಲ್ಲಿ ಹಾರುವಾಗ ಒಂದು ಸ್ಟಾಪ್ ಏರಿಸಿ. ಬೂಬಿಯ ಪಾದದ ಹೊಳಪಿಗೆ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿದರೆ ನಿಜವಾದ ನೀಲಿ ಬರುತ್ತದೆ. ಎಲ್ಲ ಪಾದಗಳೂ ಒಂದೇ ನೀಲಿ ಇರುವುದಿಲ್ಲ. 48 ಗಂಟೆ ಆಹಾರ ಸಿಗದಿದ್ದರೆ ಆ ಬಣ್ಣ ಮಂಕಾಗುತ್ತದೆ ಅಂತ ವಿಜ್ಞಾನಿಗಳು ತೋರಿಸಿದ್ದಾರೆ. ಇದು ಗೊತ್ತಿದ್ದರಿಂದ ಚೆನ್ನಾಗಿ ತಿಂದು ಕೊಬ್ಬಿದ ಹಕ್ಕಿಯನ್ನು ಹುಡುಕಿ ತೆಗೆಯೋಕೆ ಆಯಿತು. ಡ್ರೋನ್ ನಾನು ಒಯ್ಯಲಿಲ್ಲ. ಅಷ್ಟು ಫ್ರಿಗೇಟ್‌ಗಳು ಹಾರುವ ಆಕಾಶದಲ್ಲಿ ಅದನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಋತುವಿನ ವಿಷಯ ಬೇಗ ಮುಗಿಸುತ್ತೇನೆ. ಜನವರಿಯಲ್ಲಿ ಕೆಂಪು ಚೀಲಗಳು, ತಿಮಿಂಗಿಲ. ಮಾರ್ಚ್ ಕೊನೆಯಲ್ಲಿ ಬೂಬಿಗಳ ಬಿಳಿ ಮರಿಗಳು. ಮೇ ಮಧ್ಯದಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಆಗ ಎರಡೂ ದಾರಿ ಬೇಡ.

ಟೆಂಟಿನವರಿಗೆ ಒಂದು ಜವಾಬ್ದಾರಿ ಜಾಸ್ತಿ. ಹಿಂದೆ ಇಲ್ಲಿ ಬೆಕ್ಕು, ಇಲಿ ಸೇರಿಕೊಂಡು ಹಕ್ಕಿಗಳನ್ನು ತಿಂದುಹಾಕುತ್ತಿದ್ದವು. ಬೆಕ್ಕುಗಳನ್ನು 1990ರ ದಶಕದಲ್ಲಿ, ಇಲಿಗಳನ್ನು 2009ರಲ್ಲಿ ಕಷ್ಟಪಟ್ಟು ಪೂರ್ತಿ ತೆಗೆದರು. ಬಂದರಿನಲ್ಲಿ ರಾತ್ರಿ ಇಟ್ಟ ಅಕ್ಕಿಚೀಲದಲ್ಲಿ, ಟೆಂಟಿನ ಮಡಿಕೆಯಲ್ಲಿ ಬಸುರಿ ಇಲಿಯೊಂದು ಹೋದರೆ ಸಾಕು, ಅಷ್ಟೂ ಶ್ರಮ ಹಾಳು. ಹಾಗಾಗಿ ದೋಣಿಗೆ ಹಾಕುವ ಮೊದಲು ಪ್ರತಿ ಚೀಲವನ್ನೂ ಬಿಚ್ಚಿ ನೋಡಿ. ನೀರು ಒಬ್ಬರಿಗೆ ದಿನಕ್ಕೆ ಐದು ಲೀಟರ್ ಅಂತ ನಾನು ಒಯ್ದೆ, ಸರಿಹೋಯಿತು. ಕರೆಂಟು ಇಲ್ಲದ್ದರಿಂದ ಆರು ಬ್ಯಾಟರಿ. ಮರದ ಕೆಳಗೆ ಟೆಂಟ್ ಹಾಕಬೇಡಿ, ಮೇಲೆ ಫ್ರಿಗೇಟ್ ಗೂಡುಗಳಿರುತ್ತವೆ.

ಮೂರು ಜನಕ್ಕಿಂತ ಹೆಚ್ಚಿದ್ದು, ಒಬ್ಬರು ಖುಷಿಯಿಂದ ದೋಣಿ ಕಾಯುವವರಿದ್ದರೆ ಹಾಯಿದೋಣಿಯೂ ಒಳ್ಳೆಯದೇ. ತಿಮಿಂಗಿಲ ಬೇಕು, ಲಾಸ್ ಮೊನಾಸ್ ಹಿಂದೆ ಏಳುವ ಸೂರ್ಯ ಬೇಕು ಅನ್ನುವವರು ಅದರಲ್ಲೇ ಹೋಗಿ. ಲಂಗರಿಗೆ ಬಿಡಿಸಿಕೊಳ್ಳಲು ಇನ್ನೊಂದು ಹಗ್ಗ ಕಟ್ಟಿ ಇಳಿಸಿ. ನನ್ನ ಮೂರನೇ ಪ್ರಯಾಣ ಪಾಂಗಾದಲ್ಲೇ, ಮೂರು ರಾತ್ರಿಗೆ.

ವಾಪಸು ಬಂದ ವಾರ ತೆಪಿಕ್ ನಗರದಲ್ಲಿ ಎಂಟು ಪ್ರಿಂಟ್ ಹಾಕಿಸಿ, ಪಾಂಗಾ ನಡೆಸಿದವರ ಕೈಯಲ್ಲಿ ಬಿಡಾರಕ್ಕೆ ಕೊಟ್ಟು ಕಳಿಸಿದೆ. ನನ್ನನ್ನು ಕರೆದ ಹಿರಿಯರ ಫೋಟೋ ಎಲ್ಲದರ ಮೇಲೆ ಇಟ್ಟಿದ್ದೆ. ಅದರಲ್ಲಿ ಅವರು ಚಾಕು ಒರೆಸುತ್ತಾ ಮೇಲೆ ನೋಡುತ್ತಿದ್ದಾರೆ. ಅವರ ಟೋಪಿಯ ಮೇಲೆ ಫ್ರಿಗೇಟ್‌ನ ನೆರಳು ಬಿದ್ದಿದೆ.