ಅಟ್ಲಾಂಟಿಕ್ ದಾಟಿಸುವ ಕ್ವೀನ್ ಮೇರಿ 2: ಕೊಟ್ಟ ಹಣಕ್ಕೆ ತಕ್ಕುದೇ?

ಮೊದಲು ತೀರ್ಪು ಹೇಳಿ, ಆಮೇಲೆ ಕಾರಣ ಕೊಡುತ್ತೇನೆ. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುವ ಕ್ವೀನ್ ಮೇರಿ 2 ಹಡಗಿನಲ್ಲಿ ಎಲ್ಲಕ್ಕಿಂತ ಅಗ್ಗದ ಕ್ಯಾಬಿನ್ ಹಿಡಿದರೆ ಅದು ದುಬಾರಿ ಪ್ರಯಾಣವಲ್ಲ. ಅದೇ ಹಡಗಿನ ಮೇಲ್ದರ್ಜೆಗೆ ಸುರಿಯುವ ಹಣ ನಮ್ಮಂಥವರಿಗೆ ಬೇಡದ ಖರ್ಚು. ಆ ಹಡಗಿನಲ್ಲಿ ನಿಜವಾಗಿ ಬೆಲೆಬಾಳುವ ಸಂಗತಿಗಳೆಲ್ಲ ಕ್ಯಾಬಿನ್ನಿನ ಹೊರಗಿವೆ, ಮತ್ತು ಅವು ಎಲ್ಲರಿಗೂ ಒಂದೇ.

ನಾನು ಕಾರವಾರ ಬಂದರಿನ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಹಡಗಿನ ಹೆಸರು, ಟನ್ನೇಜು, ಡ್ರಾಫ್ಟು, ಬರ್ತಿಗೆ ಬಂದ ಹೊತ್ತು, ಬಿಟ್ಟ ಹೊತ್ತು, ಪೈಲಟ್ ಶುಲ್ಕ, ಹಡಗನ್ನು ಎಳೆದು ತಳ್ಳುವ ಟಗ್ ದೋಣಿಯ ಬಾಡಿಗೆ ಎಲ್ಲ ನನ್ನ ಮೇಜಿನ ಮೇಲೆ ಹಾದುಹೋಗುತ್ತಿದ್ದವು. ಬಿಟುಮೆನ್ ತಂದ ಹಡಗು, ಅದಿರು ಒಯ್ದ ಹಡಗು, ಮೊಲಾಸಿಸ್ ತುಂಬಿಕೊಂಡ ಹಡಗು. ಬೈತಖೋಲದ ಧಕ್ಕೆಯಿಂದ ಅವು ಕೂರ್ಮಗಡದಾಚೆ ಸಣ್ಣದಾಗುವುದನ್ನು ಎಷ್ಟೋ ಸಂಜೆ ನೋಡಿದ್ದೇನೆ. ಒಮ್ಮೆಯಾದರೂ ಹಡಗು ಹೋಗುವ ಕಡೆಗೇ ಹೋಗಬೇಕು ಎಂಬ ಆಸೆ ಸರ್ವಿಸಿನಲ್ಲಿ ಇರುವಾಗಲೇ ಹುಟ್ಟಿತ್ತು. ಮಗಳು ನ್ಯೂಜೆರ್ಸಿಯಲ್ಲಿ ಇರುವುದರಿಂದ ಆಸೆಗೊಂದು ದಾರಿಯೂ ಸಿಕ್ಕಿತು. ಕಾರವಾರದಿಂದ ರಾತ್ರಿ ರೈಲಿನಲ್ಲಿ ಮುಂಬೈ, ಅಲ್ಲಿಂದ ಲಂಡನ್‌ಗೆ ವಿಮಾನ, ಲಂಡನ್ನಿನಿಂದ ಒಂದೂವರೆ ಗಂಟೆಯೊಳಗೆ ರೈಲಿನಲ್ಲಿ ಸೌತಾಂಪ್ಟನ್. ಅಲ್ಲಿಂದ ಮುಂದೆ ಏಳು ರಾತ್ರಿ ಸಮುದ್ರ.

ಈಗ ಲೆಕ್ಕ. ಕಿಟಕಿಯಿಲ್ಲದ ಒಳಕ್ಯಾಬಿನ್ನಿಗೆ ನಾವು ತಲಾ ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿ ಕೊಟ್ಟೆವು. ದರ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ, ಹಾಗಾಗಿ ಇದನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಏಳು ರಾತ್ರಿಗೆ ಹಂಚಿದರೆ ಒಬ್ಬರಿಗೆ ದಿನಕ್ಕೆ ಹದಿನೆಂಟೂವರೆ ಸಾವಿರ. ಕೇಳುವಾಗ ಎದೆ ಧಸಕ್ಕೆನ್ನುತ್ತದೆ. ಆದರೆ ಅದರಲ್ಲಿ ಕೋಣೆ, ಬೆಳಗಿನ ತಿಂಡಿಯಿಂದ ರಾತ್ರಿಯೂಟದವರೆಗೆ ಎಲ್ಲ ಆಹಾರ, ಉಪನ್ಯಾಸ, ನಾಟಕ, ಸಂಗೀತ, ಗ್ರಂಥಾಲಯ ಎಲ್ಲ ಸೇರಿವೆ. ಮೇಲಾಗಿ ಅದು ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ನಮ್ಮನ್ನು ತಲುಪಿಸುತ್ತದೆ. ಲಂಡನ್ನಿನಲ್ಲಿ ಅಷ್ಟು ದಿನ ಹೋಟೆಲ್ ಹಿಡಿದು ಮೂರು ಹೊತ್ತು ಹೊರಗೆ ಉಂಡು, ಆಮೇಲೆ ನ್ಯೂಯಾರ್ಕ್‌ಗೆ ವಿಮಾನದ ಟಿಕೆಟ್ ತೆಗೆದರೆ ಎಷ್ಟಾಗುತ್ತದೆ ಎಂದು ಪಕ್ಕದಲ್ಲಿ ಬರೆದು ನೋಡಿ.

ಟಿಕೆಟ್ಟಿನ ಹೊರಗಿನ ಖರ್ಚನ್ನೂ ಬರೆದುಕೊಳ್ಳಬೇಕು. ಹಡಗಿನ ಲೆಕ್ಕ ಅಮೆರಿಕದ ಡಾಲರಿನಲ್ಲಿ. ಸೇವಾಶುಲ್ಕ ಎಂದು ತಲಾ ದಿನಕ್ಕೆ ಹದಿನೈದರಿಂದ ಇಪ್ಪತ್ತು ಡಾಲರಿನೊಳಗೆ ಖಾತೆಗೆ ಬೀಳುತ್ತದೆ. ಮದ್ಯ, ತಂಪುಪಾನೀಯ, ಇಂಟರ್ನೆಟ್ ಬೇರೆ. ಹಡಗಿನ ವೈದ್ಯರನ್ನು ಕಂಡರೆ ಅದಕ್ಕೂ ಹಣ, ಆದ್ದರಿಂದ ಹಡಗಿನ ಪ್ರಯಾಣವನ್ನು ಸ್ಪಷ್ಟವಾಗಿ ಒಳಗೊಂಡ ವಿಮೆ ಇರಲೇಬೇಕು. ಇಲ್ಲಿಯ ಏಜೆಂಟರ ಮೂಲಕ ವಿದೇಶ ಪ್ರವಾಸದ ಪ್ಯಾಕೇಜ್ ಎಂದು ಬಿಲ್ಲಾದರೆ ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ, ಕಡಿತವಾಗುತ್ತದೆ. ಆ ಹಣ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ, ಆದರೆ ಮುಂಗಡವಾಗಿ ಕೈಯಿಂದ ಹೋಗುವುದಂತೂ ಹೌದು. ನಮಗೆ ಸಿಕ್ಕ ಏಜೆಂಟರು ಕೊಟ್ಟ ಮೊದಲ ಅಂದಾಜಿನಲ್ಲಿ ಸೇವಾಶುಲ್ಕವೂ ಇರಲಿಲ್ಲ, ಟಿಸಿಎಸ್ಸೂ ಇರಲಿಲ್ಲ. ಎರಡನ್ನೂ ಸೇರಿಸಿ ಹೊಸ ಅಂದಾಜು ಬರೆಸಿಕೊಂಡ ಮೇಲೆಯೇ ನಾನು ಚೆಕ್ಕಿಗೆ ಸಹಿ ಹಾಕಿದ್ದು. ನೀವೂ ಹಾಗೆಯೇ ಮಾಡಿ.

ಅದೇ ಏಜೆಂಟರು ಬಾಲ್ಕನಿ ಕ್ಯಾಬಿನ್ ತೆಗೆದುಕೊಳ್ಳಿ ಎಂದು ಬಹಳ ಒತ್ತಾಯಿಸಿದರು. ಅಟ್ಲಾಂಟಿಕ್ಕಿನ ಗಾಳಿ ಅರಬ್ಬಿ ಸಮುದ್ರದ ಗಾಳಿಯಲ್ಲ. ಬೇಸಿಗೆಯಲ್ಲೂ ನಡುಸಮುದ್ರದಲ್ಲಿ ಸ್ವೆಟರಿಲ್ಲದೆ ಹತ್ತು ನಿಮಿಷ ನಿಲ್ಲಲಾಗುವುದಿಲ್ಲ. ಇನ್ನೊಂದು ಮಾತು: ಈ ಹಡಗಿನ ಬಹಳಷ್ಟು ಬಾಲ್ಕನಿಗಳು ಹಡಗಿನ ಉಕ್ಕಿನ ಮೈಯಲ್ಲೇ ಕಿಂಡಿ ಕೊರೆದಂತೆ ಇವೆ. ಅಲೆಯಿಂದ ರಕ್ಷಣೆಗೆ ಅದು ಒಳ್ಳೆಯದೇ, ಆದರೆ ಮುಂದೆ ಗಟ್ಟಿ ಉಕ್ಕಿನ ತಡೆಗೋಡೆ ಇರುವುದರಿಂದ ಕುರ್ಚಿಯಲ್ಲಿ ಕೂತರೆ ಕಡಲು ಕಾಣಿಸುವುದಿಲ್ಲ. ಎಂಟನೆಯ ಡೆಕ್ಕಿನ ಹಲವು ಬಾಲ್ಕನಿಗಳ ಎದುರಿಗೆ ಜೀವರಕ್ಷಕ ದೋಣಿಗಳು ತೂಗುತ್ತವೆ. ಅದಕ್ಕಿಂತ ಮೇಲೆ ಪ್ರಿನ್ಸೆಸ್ ಗ್ರಿಲ್, ಕ್ವೀನ್ಸ್ ಗ್ರಿಲ್ ಎಂಬ ದರ್ಜೆಗಳಿವೆ. ಅವರಿಗೆ ಬೇರೆ ಊಟದ ಕೋಣೆ, ಬೇರೆ ವಿಶ್ರಾಂತಿ ಕೊಠಡಿ, ದೊಡ್ಡ ಸೂಟುಗಳು. ನಮಗೆ ತೋರಿಸಿದ ದರಪಟ್ಟಿಯಲ್ಲಿ ಮೇಲಿನ ತುದಿಯ ದರ ನಮ್ಮ ದರದ ನಾಲ್ಕು ಪಟ್ಟಿಗೂ ಮೇಲಿತ್ತು. ಹಡಗಿನ ಮುಂಭಾಗದ ಗ್ರಂಥಾಲಯ, ಸಮುದ್ರದ ಮೇಲೆ ಮೊದಲನೆಯದೆನ್ನುವ ತಾರಾಲಯ, ಉಪನ್ಯಾಸ, ಏಳನೆಯ ಡೆಕ್ಕಿನ ನಡಿಗೆಯ ದಾರಿ ಇವು ಅವರಿಗೂ ನಮಗೂ ಸಮಾನ. ಆ ಏಳನೆಯ ಡೆಕ್ಕಿನಲ್ಲಿ ಹಡಗನ್ನು ಪೂರ್ತಿ ಸುತ್ತಬಹುದು. ಒಂದು ಸುತ್ತಿಗೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ನಡೆದಂತಾಗುತ್ತದೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಊರಿನಲ್ಲಿ ನಡೆಯಲು ಗೋಗರೆಯಬೇಕಾದ ಮನುಷ್ಯ ಅಲ್ಲಿ ಬೆಳಿಗ್ಗೆ ನನಗಿಂತ ಮುಂಚೆ ಶೂ ಹಾಕಿ ಸಿದ್ಧರಾಗುತ್ತಿದ್ದರು.

ಇದು ವಿಹಾರಕ್ಕೆಂದು ಊರೂರು ಸುತ್ತಿಸುವ ಕ್ರೂಸ್ ಹಡಗಿನ ಹಾಗಲ್ಲ, ಸಾಗರ ದಾಟಲೆಂದೇ ಕಟ್ಟಿದ ಲೈನರ್. ಫ್ರಾನ್ಸಿನ ಸಾಂ ನಜೇರ್ ಹಡಗುಕಟ್ಟೆಯಲ್ಲಿ ತಯಾರಾಗಿ 2004ರ ಜನವರಿಯಲ್ಲಿ ಮೊದಲ ಯಾನ ಹೊರಟಿತು. ಉದ್ದ 345 ಮೀಟರ್. ನಮ್ಮ ಅರ್ಗಾ ನೌಕಾನೆಲೆಯ ವಿಕ್ರಮಾದಿತ್ಯದ ಉದ್ದ 284 ಮೀಟರ್ ಎಂದರೆ ಕಾರವಾರದವರಿಗೆ ಅಳತೆ ತಿಳಿಯುತ್ತದೆ. ಮೈಯ ಉಕ್ಕು ಸಾಮಾನ್ಯ ಕ್ರೂಸ್ ಹಡಗಿಗಿಂತ ದಪ್ಪ, ಮೂತಿ ಉದ್ದ, ಮುಂಗಡೆ ನೀರು ನುಗ್ಗಿದರೆ ಒಡೆದು ಚದುರಿಸಲು ತಡೆಗೋಡೆ, ದೋಣಿಗಳನ್ನು ಅಲೆಗೆ ಸಿಗದಷ್ಟು ಎತ್ತರದಲ್ಲಿ ಕಟ್ಟಿದ್ದಾರೆ. ಬೇಕೆಂದರೆ ಸುಮಾರು 30 ನಾಟ್, ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. 1952ರಲ್ಲಿ ಯುನೈಟೆಡ್ ಸ್ಟೇಟ್ಸ್ ಎಂಬ ಹಡಗು ಇದೇ ಸಾಗರವನ್ನು ಮೂರೂವರೆ ದಿನದಲ್ಲಿ ದಾಟಿತ್ತು. ಇದು ಏಳು ರಾತ್ರಿ ತೆಗೆದುಕೊಳ್ಳುತ್ತದೆ. ಇಂಧನದ ಉಳಿತಾಯ ಒಂದು ಕಡೆಯಾದರೆ, ಹವಾಮಾನ ಕೆಟ್ಟರೂ ವೇಳೆ ತಪ್ಪದಂತೆ ವೇಗ ಕೈಯಲ್ಲಿ ಉಳಿಯುತ್ತದೆ. ಬಂದರಿನವಳಾದ ನನಗೆ ಇದು ಟಿಕೆಟ್ಟಿನ ದರದೊಳಗೆ ಸಿಕ್ಕ ಅತಿ ದೊಡ್ಡ ವಸ್ತು. ಕೈಹಿಡಿಕೆಯ ಹಿತ್ತಾಳೆ, ಹೂದಾನಿ, ಬಿಳಿ ಕೈಗವಸು ತೊಟ್ಟು ಸಂಜೆಯ ಚಹಾ ಕೊಡುವವರು ಎಲ್ಲ ಚಂದವೇ. ಆದರೂ ನಾನು ಹಣ ಕೊಟ್ಟದ್ದು ಆ ಉಕ್ಕಿಗೆ.

ಸೌತಾಂಪ್ಟನ್ನಿನಲ್ಲಿ ಹೊರಡುವ ಹೊತ್ತಿಗೆ ನಾನು ಮೇಲಿನ ಡೆಕ್ಕಿನ ಅಂಚಿನಲ್ಲಿ ಟಗ್ಗುಗಳಿಗಾಗಿ ಕಾಯುತ್ತಿದ್ದೆ. ಒಂದೂ ಬರಲಿಲ್ಲ. ಹಗ್ಗ ಬಿಚ್ಚಿದರು, ಧಕ್ಕೆಗೂ ಹಡಗಿಗೂ ನಡುವೆ ನೀರಿನ ಒಂದು ಗೆರೆ ಕಾಣಿಸಿತು, ಗೆರೆ ಅಗಲವಾಗುತ್ತ ಹೋಯಿತು. ಅಷ್ಟು ದೊಡ್ಡ ಹಡಗು ತಾನೇ ಅಡ್ಡಡ್ಡವಾಗಿ ಸರಿಯುತ್ತಿತ್ತು. ಹಿಂಭಾಗದಲ್ಲಿ ಹಡಗಿನ ಹೊಟ್ಟೆಯಡಿ ತೂಗುವ, ಪ್ರೊಪೆಲರ್ ಹೊತ್ತ ನಾಲ್ಕು ವಿದ್ಯುತ್ ಪಾಡ್‌ಗಳಲ್ಲಿ ಎರಡು ಪೂರ್ತಿ ತಿರುಗುತ್ತವೆ, ಮೂತಿಯಲ್ಲಿ ಅಡ್ಡ ತಳ್ಳುವ ಮೂರು ಥ್ರಸ್ಟರುಗಳಿವೆ, ಚುಕ್ಕಾಣಿಯೇ ಇಲ್ಲ. ಆಗ ಚಿಮಣಿಯಿಂದ ಸೀಟಿ ಮೊಳಗಿತು. ಅಲ್ಲಿರುವ ಸೀಟಿಗಳಲ್ಲಿ ಒಂದು 1936ರ ಮೂಲ ಕ್ವೀನ್ ಮೇರಿ ಹಡಗಿನದು. ಕಿವಿಗಿಂತ ಮೊದಲು ಎದೆಗೂಡಿಗೆ ತಟ್ಟುವ ದನಿ ಅದು. ಪಕ್ಕದಲ್ಲಿದ್ದ ಮಗು ಅಪ್ಪನ ಕಾಲನ್ನು ಬಾಚಿ ಹಿಡಿಯಿತು.

ಊಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಶಿರಸಿ ಕಡೆಯ ನಮ್ಮ ನೆಂಟರೆಲ್ಲ ಕೇಳುವ ಮೊದಲ ಪ್ರಶ್ನೆ ಅದು. ನಾವು ಹವ್ಯಕರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಟಿಕೆಟ್ ಮಾಡುವಾಗಲೇ ಬರೆದು ತಿಳಿಸಿದ್ದೆವು. ಬ್ರಿಟಾನಿಯಾ ಎಂಬ ದೊಡ್ಡ ಊಟದ ಮನೆಯಲ್ಲಿ ನಮ್ಮ ಮೇಜಿಗೆ ಬಂದ ಹುಡುಗ ಕಾಣಕೋಣದ ಕಡೆಯವನು. ನಾವು ಕಾರವಾರದವರು ಎಂದು ತಿಳಿದದ್ದೇ ತಡ, ಕೊಂಕಣಿಗೆ ಹೊರಳಿದ. "ಬಾಯಿ, ನಾಳೆ ರಾತ್ರಿಗೆ ಏನು ಬೇಕೋ ಇವತ್ತೇ ಹೇಳಿ, ಅಡುಗೆಮನೆಯಲ್ಲಿ ನಮ್ಮವರಿದ್ದಾರೆ" ಎಂದ. ಮರುದಿನ ತೊವ್ವೆ, ಅನ್ನ, ಜೀರಿಗೆ ಒಗ್ಗರಣೆಯ ಆಲೂಗಡ್ಡೆ ಬಂತು. ನಮ್ಮ ಮನೆಯ ತಂಬುಳಿಯ ರುಚಿಗೆ ಅದು ಸಾಟಿಯಲ್ಲ, ಆದರೆ ನಡು ಅಟ್ಲಾಂಟಿಕ್ಕಿನಲ್ಲಿ ಬಿಸಿ ಅನ್ನದ ಮೇಲೆ ತೊವ್ವೆ ಬೀಳುವುದನ್ನು ನೋಡಿ ಯಜಮಾನರ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ. ಆ ಹುಡುಗ ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವನು. ಸೇವಾಶುಲ್ಕ ಇದ್ದರೂ ಕೊನೆಯ ದಿನ ಅವನ ಕೈಗೆ ಬೇರೆಯಾಗಿ ಒಂದಿಷ್ಟು ಕೊಟ್ಟೆವು.

ಉಡುಪಿನ ಬಗ್ಗೆ ಹೆದರಬೇಡಿ. ಏಳು ರಾತ್ರಿಯಲ್ಲಿ ಎರಡು ಮೂರು ಸಂಜೆ ಗಂಡಸರು ಕಪ್ಪು ಕೋಟು, ಬೋ ಟೈ, ಹೆಂಗಸರು ಉದ್ದ ಗೌನು ಧರಿಸುತ್ತಾರೆ. ಒಂದು ಮೈಸೂರು ರೇಷ್ಮೆ ಸೀರೆ, ಗಂಡಸರಿಗೊಂದು ಬಂದ್‌ಗಲಾ ಇದ್ದರೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಬಟ್ಟೆ ಒಗೆಯಲು, ಇಸ್ತ್ರಿ ಮಾಡಲು ಯಂತ್ರಗಳಿವೆ, ಅದಕ್ಕೆ ಕಾಸಿಲ್ಲ. ವಿಮಾನದಲ್ಲಿ ಇರುವಂತೆ 23 ಕಿಲೋ ತೂಕದ ಕಟ್ಟುನಿಟ್ಟೂ ಹಡಗಿನಲ್ಲಿಲ್ಲ, ಆದರೆ ಲಂಡನ್ನಿಗೆ ವಿಮಾನದಲ್ಲಿ ಬಂದ ನಮಗೆ ಅದರಿಂದ ಏನೂ ಲಾಭವಾಗುವುದಿಲ್ಲ.

ಸಮಯದ ವಿಷಯ ಮಾತ್ರ ದೊಡ್ಡದು. ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ದಿನಗಳಿಗೆ ಇಪ್ಪತ್ತೈದು ಗಂಟೆ. ನ್ಯೂಯಾರ್ಕ್ ಮುಟ್ಟುವ ಹೊತ್ತಿಗೆ ಮೈ ಅಲ್ಲಿಯ ವೇಳೆಗೆ ಹೊಂದಿಕೊಂಡಿರುತ್ತದೆ. ಹಿಂದೆ ವಿಮಾನದಲ್ಲಿ ಹೋದಾಗ ಮಗಳ ಮನೆಯಲ್ಲಿ ಮೊದಲ ವಾರ ನಾವು ಹಗಲು ತೂಕಡಿಸಿ, ನಡುರಾತ್ರಿ ಅಡುಗೆಮನೆಯಲ್ಲಿ ದೀಪ ಹಾಕಿ ಕೂರುತ್ತಿದ್ದೆವು. ಈ ಸಲ ಇಳಿದ ದಿನವೇ ಮೊಮ್ಮಗಳನ್ನು ಉದ್ಯಾನಕ್ಕೆ ಕರೆದುಕೊಂಡು ಹೋದೆವು. ಅರವತ್ತು ದಾಟಿದವರು ಇದನ್ನು ರೂಪಾಯಿಯಲ್ಲಿ ಅಳೆಯಬೇಕು, ಏಕೆಂದರೆ ಅದಕ್ಕೆ ಬೆಲೆಯಿದೆ. ಪೂರ್ವಕ್ಕೆ ಬರುವ ಯಾನದಲ್ಲಿ ಅದೇ ಐದು ಗಂಟೆಗಳು ಕಳೆದುಹೋಗುತ್ತವೆ, ದಿನ ಮೊಟಕಾಗುತ್ತದೆ. ಒಂದೇ ಕಡೆಗೆ ಹಣವಿದ್ದರೆ ಪಶ್ಚಿಮದ ಯಾನವನ್ನೇ ಆರಿಸಿ, ಹಿಂತಿರುಗಲು ವಿಮಾನ ಸಾಕು.

ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣಕ್ಕೆ ಬಂದಾಗ ಮಂಜು ಕವಿಯಿತು. ಅಲ್ಲಿ ಲ್ಯಾಬ್ರಡಾರಿನ ತಣ್ಣನೆಯ ಪ್ರವಾಹವೂ ಗಲ್ಫ್ ಸ್ಟ್ರೀಮಿನ ಬೆಚ್ಚನೆಯ ನೀರೂ ಸೇರುವುದರಿಂದ ಬೇಸಿಗೆಯಲ್ಲಿ ಇದು ಸಾಮಾನ್ಯ. ಡೆಕ್ಕಿನ ಕಟಕಟೆಯ ಮೇಲೆ ಕೈ ಇಟ್ಟರೆ ಅಂಗೈ ಒದ್ದೆ; ಕೆಳಗೆ ನೋಡಿದರೆ ನೀರೂ ಇಲ್ಲ, ಬರಿಯ ಬಿಳುಪು. ಚಲಿಸುವ ಹಡಗು ಮಂಜಿನಲ್ಲಿ ಎರಡು ನಿಮಿಷ ಮೀರದಂತೆ ಒಂದೊಂದು ದೀರ್ಘ ಸೀಟಿ ಊದಬೇಕೆಂಬ ನಿಯಮವಿದೆ. ಆ ನಿಯಮವನ್ನು ನಾನು ಕಚೇರಿಯ ಕಪಾಟಿನ ಪುಸ್ತಕದಲ್ಲಿ ಓದಿದ್ದೆ. ಅಲ್ಲಿ ವಾಚು ಹಿಡಿದು ಕೇಳಿದೆ. ಸೀಟಿ, ಮೌನ, ಮತ್ತೆ ಸೀಟಿ. ಮಧ್ಯಾಹ್ನ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಅಕ್ಷಾಂಶ, ರೇಖಾಂಶ, ಆಳ, ವೇಗ ಹೇಳಿ, 1912ರಲ್ಲಿ ಟೈಟಾನಿಕ್ ಮುಳುಗಿದ ಜಾಗ ಯಾವ ದಿಕ್ಕಿಗೆ ಎಂಬುದನ್ನೂ ಹೇಳಿದಾಗ ಊಟದ ಸಾಲಿನಲ್ಲಿದ್ದವರೆಲ್ಲ ಒಂದು ಕ್ಷಣ ತಟ್ಟೆ ಹಿಡಿದು ನಿಂತರು. ವಿಮಾನದಲ್ಲಿ ಇದೇ ಸಾಗರ ಎಂಟು ಗಂಟೆಯ ಕತ್ತಲೆ. ಹಡಗಿನಲ್ಲಿ ಅದಕ್ಕೆ ಬಣ್ಣವಿದೆ, ಚಳಿಯಿದೆ, ಅಗಲವಿದೆ.

ಯಾರಿಗೆ ಇದು ತಕ್ಕುದಲ್ಲ ಎಂಬುದನ್ನೂ ಹೇಳಬೇಕು. ಏಳು ರಾತ್ರಿಯಲ್ಲಿ ನಡುವೆ ಎಲ್ಲೂ ಇಳಿಯುವುದಿಲ್ಲ, ದಡ ಕಾಣುವುದಿಲ್ಲ. ಪ್ರತಿದಿನ ಹೊಸ ಊರು ಬೇಕೆನ್ನುವವರಿಗೆ, ಮಕ್ಕಳ ಗದ್ದಲ ಮತ್ತು ಹಾಡು ಕುಣಿತ ಬೇಕೆನ್ನುವವರಿಗೆ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೇಲಿಯಾದಂಥ ಹಡಗು ಕಡಿಮೆ ಹಣಕ್ಕೆ ಹೆಚ್ಚು ಸಂತೋಷ ಕೊಡುತ್ತದೆ. ಅದಕ್ಕೆ ಇಂಗ್ಲೆಂಡಿನ ವೀಸಾವೂ ಬೇಡ. ಒಬ್ಬರೇ ಹೋಗುವವರು ಇಬ್ಬರ ಕ್ಯಾಬಿನ್ನಿಗೆ ಹೆಚ್ಚುವರಿ ತೆರಬೇಕು. 2016ರ ನವೀಕರಣದಲ್ಲಿ 15 ಏಕವ್ಯಕ್ತಿ ಕ್ಯಾಬಿನ್ನುಗಳನ್ನು ಸೇರಿಸಿದ್ದಾರೆ, ಆದರೆ ಅಷ್ಟು ದೊಡ್ಡ ಹಡಗಿಗೆ ಅವು ಏನೇನೂ ಸಾಲವು. ಅಲೆಗೆ ತಲೆ ಸುತ್ತುವವರು ಕೆಳಗಿನ ಡೆಕ್ಕಿನಲ್ಲಿ ಹಡಗಿನ ನಡುಭಾಗದ ಕ್ಯಾಬಿನ್ ಕೇಳಿ ಪಡೆಯಬೇಕು. ಓಲಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ, ದರವೂ ಕಡಿಮೆ. ನಮ್ಮ ಕಡಲು ಕೆರಳುವುದು ಜೂನ್, ಜುಲೈನಲ್ಲಿ. ಅಟ್ಲಾಂಟಿಕ್ಕಿನದು ಇದಕ್ಕೆ ವಿರುದ್ಧ, ಅದು ಚಳಿಗಾಲದಲ್ಲಿ ಒರಟು. ಡಿಸೆಂಬರ್, ಜನವರಿಯ ದರ ಇಳಿದಿದೆ ಎಂದು ಮೊದಲ ಬಾರಿಗೆ ಹೋಗುವವರು ಆ ತಿಂಗಳನ್ನು ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ನ್ಯೂಯಾರ್ಕ್ ಪ್ರವೇಶಕ್ಕೆ ಬೆಳಗಿನ ಐದು ಗಂಟೆಗೂ ಮುಂಚೆ ಎದ್ದು ಮೇಲಿನ ಡೆಕ್ಕಿಗೆ ಹೋಗಿ. ವೆರಜಾನೊ ಸೇತುವೆಯಡಿ ಹಾಯಬೇಕೆಂದೇ ಈ ಹಡಗಿನ ಚಿಮಣಿಯನ್ನು ಗಿಡ್ಡ ಮಾಡಿ ಕಟ್ಟಿದ್ದಾರೆ; ಆದರೂ ಸೇತುವೆ ತಲೆಗೆ ತಾಗಿಯೇ ಬಿಡುತ್ತದೆ ಅನ್ನಿಸಿ ನಿಂತವರೆಲ್ಲ ಬಗ್ಗುತ್ತಾರೆ. ಇಳಿಯುವುದು ಬ್ರೂಕ್ಲಿನ್ನಿನ ರೆಡ್ ಹುಕ್ ಧಕ್ಕೆಯಲ್ಲಿ. ಕರೆದೊಯ್ಯಲು ಬರುವ ಮಕ್ಕಳಿಗೆ ಆ ವಿಳಾಸವನ್ನೇ ಕೊಡಿ, ಮ್ಯಾನ್‌ಹಾಟನ್ನಿನ ಕ್ರೂಸ್ ಟರ್ಮಿನಲ್ ಬೇರೆಯದು. ಮತ್ತು ಹಡಗಿಗೆ ಹಣ ಕಟ್ಟುವ ಮೊದಲು ಅಮೆರಿಕದ ವೀಸಾ ಕೈಗೆ ಬಂದಿರಲಿ. ಮುಂಬೈಯಲ್ಲಾಗಲಿ ಚೆನ್ನೈಯಲ್ಲಾಗಲಿ ಸಂದರ್ಶನದ ದಿನ ಸಿಗಲು ತಿಂಗಳುಗಟ್ಟಲೆ ಹಿಡಿಯುವುದುಂಟು. ಇಂಗ್ಲೆಂಡಿನ ವೀಸಾ ಅದರ ನಂತರ ಮಾಡಿಸಿದರೂ ಸಾಕು.