ಗಾಳಿಯ ದಿನದ ಅಪ್ರೆಂಟಿಸ್ ಎಸ್ 15ಇ: ಜೈರೋ ಕಾಯುವುದೆಷ್ಟು?

ಹಾಬಿಜೋನ್ ಹೆಸರಿನಲ್ಲಿ ಬಂದ ಅಪ್ರೆಂಟಿಸ್ ಎಸ್ 15ಇ, ಹಾರಾಟ ಕಲಿಯುವವರಿಗೆಂದೇ ರೂಪಿಸಿದ, ರಿಮೋಟ್ ಹಿಡಿದು ನೆಲದಿಂದಲೇ ಹಾರಿಸುವ ಫೋಮ್ ಮಾದರಿ ವಿಮಾನ. 1.5 ಮೀಟರ್ ಉದ್ದದ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿದೆ. ಜತೆಗೆ ಸೇಫ್ ಎಂಬ, ಜೈರೋ (ವಿಮಾನ ವಾಲುವುದನ್ನು ಗ್ರಹಿಸುವ ಸಾಧನ) ಆಧಾರಿತ ಸ್ಥಿರತಾ ವ್ಯವಸ್ಥೆಯಿದೆ. ಶಾಂತ ಹವೆಯಲ್ಲಿ ಇದು ಚೆನ್ನಾಗಿ ಹಾರುತ್ತದೆಂಬುದರಲ್ಲಿ ವಿವಾದವಿಲ್ಲವಾದ್ದರಿಂದ, ಗಾಳಿ ಬೀಸುವಾಗಿನ ಅದರ ವರ್ತನೆಯನ್ನಷ್ಟೇ ಇಲ್ಲಿ ಪರಿಶೀಲಿಸಲಾಗಿದೆ.

ತೊಡಕು ನೆಲದ ಮೇಲೆಯೇ ಶುರುವಾಗುತ್ತದೆ. ಬ್ಯಾಟರಿ ಜೋಡಿಸಿದ ಕೂಡಲೇ ಜೈರೋ ಸಿದ್ಧಗೊಳ್ಳಬೇಕಾದರೆ ವಿಮಾನ ಅಲುಗಾಡದೆ ಸಮತಟ್ಟಾಗಿ ನಿಂತಿರಬೇಕು. ಗಾಳಿ ರೆಕ್ಕೆಯನ್ನು ಅಲ್ಲಾಡಿಸುತ್ತಿದ್ದರೆ ಇದು ಸಲೀಸಾಗಿ ಆಗದು. ಗಾಳಿಗೆ ಬೆನ್ನು ಕೊಟ್ಟು ವಿಮಾನವನ್ನು ಮರೆಮಾಡಿ ಕುಳಿತುಕೊಳ್ಳುವುದು ಸುಲಭದ ಉಪಾಯ.

ಮೇಲೇರಿದ ಬಳಿಕ ಜೈರೋದ ಉಪಯೋಗ ಸ್ಪಷ್ಟವಾಗಿ ಕಾಣುತ್ತದೆ. ಗಾಳಿಯ ಬಿರುಸಾದ ಅಲೆಯೊಂದು ಒಂದು ರೆಕ್ಕೆಯನ್ನು ಎತ್ತಿದರೆ, ನಮ್ಮ ಬೆರಳು ರಿಮೋಟ್‌ನ ಸ್ಟಿಕ್ ಒತ್ತುವ ಮೊದಲೇ ಜೈರೋ ಅದನ್ನು ತಿದ್ದಿರುತ್ತದೆ. ಆದರೆ ವಿಮಾನದ ಭಂಗಿಯನ್ನು ಬಲ್ಲ ಜೈರೋಗೆ ವಿಮಾನ ಎಲ್ಲಿದೆಯೆಂಬುದು ತಿಳಿಯದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹಾರುವ ಮಾದರಿ, 30 ಕಿ.ಮೀ. ವೇಗದ ಗಾಳಿಗೆ ಎದುರಾಗಿ ಬರುವಾಗ ನೆಲದ ಲೆಕ್ಕದಲ್ಲಿ 10 ಕಿ.ಮೀ. ವೇಗದಲ್ಲಿ ತೆವಳುತ್ತದೆ, ಗಾಳಿಯೊಂದಿಗೆ ಹೋಗುವಾಗ 70ರಲ್ಲಿ ಓಡುತ್ತದೆ. ಹಿಡಿತ ತಪ್ಪಿದಾಗ ಒತ್ತಲೆಂದು ರಿಮೋಟ್‌ನಲ್ಲಿರುವ ಪ್ಯಾನಿಕ್ ಬಟನ್ ಒತ್ತಿದರೆ ರೆಕ್ಕೆಗಳು ಸಮವಾಗುತ್ತವೆ, ನಿಜ. ಹಾಗೆ ಸಮವಾಗಿಯೇ ವಿಮಾನ ಗಾಳಿಯೊಡನೆ ಕಣ್ಮರೆಯಾಗಲೂಬಹುದು. ಆದ್ದರಿಂದ ಅದನ್ನು ಸದಾ ಗಾಳಿ ಬರುವ ದಿಕ್ಕಿನಲ್ಲಿ, ನಮ್ಮ ಮುಂದೆಯೇ ಇಟ್ಟುಕೊಳ್ಳಬೇಕು, ಮತ್ತು ಎದುರುಗಾಳಿಯಲ್ಲಿ ಹಿಂತಿರುಗಲು ಬೇಕಾಗುವ ಬ್ಯಾಟರಿಯನ್ನು ಮೊದಲೇ ಉಳಿಸಿಕೊಳ್ಳಬೇಕು.

ನನ್ನ ಮುಖ್ಯ ಆಕ್ಷೇಪ ಸೇಫ್ ವ್ಯವಸ್ಥೆಯ ಬಿಗಿನರ್ ಮೋಡ್ ಕುರಿತದ್ದು. ಅದು ವಾಲುವ ಕೋನಕ್ಕೆ ಮಿತಿ ಹಾಕುವುದರಿಂದ ತಿರುವುಗಳು ಅಗಲವಾಗುತ್ತವೆ, ಅಗಲವಾದ ತಿರುವಿನುದ್ದಕ್ಕೂ ಗಾಳಿ ವಿಮಾನವನ್ನು ದೂರಕ್ಕೆ ತಳ್ಳುತ್ತಲೇ ಇರುತ್ತದೆ. ಹೊಸಬರನ್ನು ಕಾಯಬೇಕಾದ ಮೋಡೇ ಗಾಳಿಯಲ್ಲಿ ಅವರ ಕೈ ಕಟ್ಟುತ್ತದೆ! ಮಿತಿ ಸಡಿಲವಾಗಿರುವ ಇಂಟರ್‌ಮೀಡಿಯೆಟ್ ಮೋಡ್‌ನಲ್ಲಿ ಕೈ ಕುದುರುವ ತನಕ ಗಾಳಿಯ ದಿನ ಹಾರಿಸದಿರುವುದು ಲೇಸು.

ಇಳಿಸುವಾಗ ಮೋಟಾರನ್ನು ಪೂರ್ತಿ ನಿಲ್ಲಿಸಬಾರದು. ನೆಲ ಸಮೀಪಿಸಿದಂತೆ ಎದುರುಗಾಳಿ ತಗ್ಗುವುದರಿಂದ ರೆಕ್ಕೆಯ ಮೇಲಿನ ವೇಗವೂ ಕುಸಿಯುತ್ತದೆ. ಸ್ವಲ್ಪ ಥ್ರಾಟಲ್ (ಮೋಟಾರಿನ ಶಕ್ತಿ) ಉಳಿಸಿಕೊಂಡು ಚಕ್ರ ನೆಲ ಮುಟ್ಟಿದ ಮೇಲೆ ತೆಗೆಯಬೇಕು. ಎತ್ತರದಲ್ಲಿರುವ ರೆಕ್ಕೆಯಡಿ ಗಾಳಿ ನುಗ್ಗಿದರೆ ನಿಂತ ವಿಮಾನವೂ ಮಗುಚುತ್ತದೆ, ಹಾಗಾಗಿ ನೆಲದ ಮೇಲೆ ಚಕ್ರಗಳಲ್ಲಿ ಓಡಿಸಿ ತರುವ ಬದಲು ನಡೆದು ಹೋಗಿ ಎತ್ತಿಕೊಂಡು ಬರುವುದೇ ಉತ್ತಮ.